ಮಣ್ಣಿನ ಪಾಲಿನ ಬೆಲ್ಲ

ಹುಮನಾಬಾದಿನಿಂದ ಯೂರಿಯಾ ಚೀಲ ಬಂದಿಳಿದ ದಿನವೇ ನಮ್ಮೂರಿಗೆ ಹಬ್ಬವಾಗಿದ್ದ ಕಾಲವದು. ಖಾಲಿ ಚೀಲ ಬಿಚ್ಚಿ ಹಾಸಿಗೆ ಹೊಲಿಯುತ್ತಿದ್ದರು, ಮಳೆ ಬಂದರೆ ತಲೆಗೆ ಹೊದೆಯುತ್ತಿದ್ದರು. ತಲೆಯ ಒಳಗೂ ಅದನ್ನೇ ತುಂಬಿಕೊಂಡಿದ್ದರು.

ಅಂಥ ಊರಲ್ಲಿ ನನ್ನ ಅಣ್ಣ, ಮಾಣಿಕನಗರದಲ್ಲಿ ಯಾರದೋ ಮಾತು ಕೇಳಿ ಬಂದು, ಸಗಣಿ (ನಮ್ಮ ಕಡೆ ಹೆಂಡಿ), ಗೋಮೂತ್ರ, ಬೆಲ್ಲ, ಕಡಲೆ ಹಿಟ್ಟು, ಬದುವಿನ ಹಿಡಿ ಮಣ್ಣು ಡ್ರಮ್ಮಿನಲ್ಲಿ ಕಲಸಿಟ್ಟ. ಅದು ಹುಳಿ ಬಂದರೆ ಮಣ್ಣಿನೊಳಗಿನ ಜೀವಗಳು ಹೆಚ್ಚುತ್ತವಂತೆ. ಅಪ್ಪ ಕಟ್ಟೆಯ ಮೇಲೆ ಕೂತವರ ಎದುರಿಗೇ ನಕ್ಕ.

"ಮಣ್ಣಿನ ಡಾಕ್ಟರ್ ಸಾಹೇಬ್ರು ಬಂದಾರ ನೋಡ್ರಿ! ತಗೊ, ಹೊಲದ ಹಿಂದಿನ ಪಟ್ಟಿ ನಿನಗ. ಒಂದ ಹಂಗಾಮ. ಜ್ವಾಳ ಛಲೋ ಬಂದ್ರ ಹೊಲಾ ಎಲ್ಲಾ ನೀ ಹೇಳಿದಂಗ ಮಾಡ್ತೀನಿ. ಇಲ್ಲಂದ್ರ ಈ ಹೆಂಡಿ ಆಟ ಬಂದ್!"

ಅಣ್ಣ ಹಗಲೆಲ್ಲ ಬಸವಕಲ್ಯಾಣದ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ಹೊಸ ಡ್ರಮ್ಮು ಕಲಸಿದಾಗಲೆಲ್ಲ ಬೆಲ್ಲ ಹಾಕುವ ಕೆಲಸ ನನಗೆ ಒಪ್ಪಿಸಿದ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ನನಗೆ ಸಿಟ್ಟು. ನಮ್ಮ ರೊಟ್ಟಿಗೆ ಖಾರ, ಮಣ್ಣಿಗೆ ಬೆಲ್ಲವೇ? ಕುಂಟಾಟದ ಗೆಳತಿಯರನ್ನು ಕರೆದು, ಬೇವಿನ ನೆರಳಲ್ಲಿ ಹುರಿದ ಶೇಂಗಾ ಜೊತೆ ಅದನ್ನು ತಿಂದು ಮುಗಿಸುತ್ತಿದ್ದೆ.

"ನಿಮ್ಮ ಹೊಲ ನಮಗಿಂತ ಮಜಾದಾಗ ಅದ ನೋಡೇ!" ಎಂದು ಒಬ್ಬಳು ಬೆರಳು ನೆಕ್ಕಿದಳು.

"ಇನ್ನ ಇರಂಗಿಲ್ಲ ತಗೊ," ಎಂದೆ.

ಸಂಜೆ ಅಣ್ಣ ಕೋಲಾಡಿಸಿ ಮೂಸುತ್ತಿದ್ದ. ಹುಳಿ ವಾಸನೆಯಿಲ್ಲ, ಬರೀ ಕೊಳೆತ ನಾತ.

"ಬೆಲ್ಲ ಪೂರಾ ಹಾಕ್ದೇನವ್ವಾ?"

"ಹೂಂ ಅಣ್ಣಾ, ಪೂರಾ."

"ಹಂಗಾರ ನಂದೇ ಏನೋ ತಪ್ಪಾಗ್ಯಾದ."

ಬಾಯಲ್ಲಿ ಇನ್ನೂ ಸಿಹಿಯಿತ್ತು. ಎಂಥ ನೀಚ ಹುಡುಗಿ!

ಆ ಪಟ್ಟಿಯ ಜೋಳ ಹಳದಿಯಾಗಿ, ಮೊಣಕಾಲೆತ್ತರಕ್ಕೇ ನಿಂತಿತು. ಅಪ್ಪ ಊರವರನ್ನು ಕರೆಕರೆದು ತೋರಿಸಿದ. ಒಂದು ಹಿಡಿ ಮಣ್ಣನ್ನೂ ಮುಟ್ಟಿ ನೋಡದ ಆ ಪಂಡಿತರು "ಹೆಂಡಿ ಡಾಕ್ಟರ್" ಎಂದು ಹೆಸರಿಟ್ಟರು. ನಾನೂ ನಕ್ಕೆ. ಅಣ್ಣ ಡ್ರಮ್ಮು ಮಗುಚಿಟ್ಟ. ಬೆಲ್ಲ ಬಿದ್ದಿದ್ದರೆ ಪೈರು ಏಳುತ್ತಿತ್ತೋ ಇಲ್ಲವೋ. ತಿಳಿಯುವ ದಾರಿಯನ್ನೇ ನಾನು ತಿಂದುಬಿಟ್ಟಿದ್ದೆ.

ಆಗ ನೇಗಿಲ ಹಿಂದೆ ಎರೆಹುಳ ಹೆಕ್ಕಲು ಬೆಳ್ಳಕ್ಕಿ ಬರುತ್ತಿದ್ದವು. ಈಗ ಬರುವುದಿಲ್ಲ, ಮಣ್ಣು ಇಟ್ಟಿಗೆಯಂತೆ ಹೆಂಟೆಯೇಳುತ್ತದೆ. ಅಣ್ಣ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಮೊನ್ನೆ ನಾನು ಅವನಿಗೆ ಬುತ್ತಿ ಕೊಡಲು ಹೋದಾಗ ಹುಲಸೂರ ಕಡೆಯ ರೈತನೊಬ್ಬ ಕೇಳುತ್ತಿದ್ದ:

"ಹೆಂಡಿ, ಬೆಲ್ಲ ಕೂಡಿಸಿ ಹಾಕಿದ್ರ ಹೊಲ ಸುಧಾರಸ್ತದಂತ. ಖರೇ ಏನ್ರಿ?"

"ನಾನೇ ಮಾಡಿ ನೋಡೀನ್ರಿ," ಎಂದ ಅಣ್ಣ. "ಆಗಂಗಿಲ್ಲ."

ನಾನು ಬುತ್ತಿ ಇಟ್ಟು, ಯೂರಿಯಾ ಚೀಲ ಎತ್ತಲು ರೈತನಿಗೆ ಕೈಗೂಡಿಸಿದೆ. ಅವನು ಅದನ್ನು ಹೊತ್ತು ನಡೆದ. ಅಣ್ಣ ಸುಳ್ಳು ಹೇಳುವವನಲ್ಲ ಎಂಬುದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು.