ಬ್ಯಾರನ್ ಕಿಂಡಿಯಲ್ಲಿ ಬಿಳಿ ಬೆಳಕು

ನನ್ನ ಟಾರ್ಚಿನ ಬಾಯಂಚಿಗೆ ಗರಗಸದಂಥ ಸಣ್ಣ ಹಲ್ಲುಗಳಿದ್ದವು; ಒತ್ತುವ ಗುಂಡಿ ಹಿಂತುದಿಯಲ್ಲಿತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಕೊಂಡ ಆ ಎಲ್‌ಇಡಿ ಟಾರ್ಚನ್ನು ಕಟ್ಟೆಮಳಲವಾಡಿಯ ಮನೆಗೆ ತಂದಾಗ ಅಪ್ಪ ಅಂಗೈಯಲ್ಲಿಟ್ಟು ತೂಗಿ ನೋಡಿದರು.

“ಇದೇನವ್ವ, ಬೀಡಿಕಟ್ಟಿನಷ್ಟೂ ಇಲ್ಲ! ಇದೂ ಒಂದು ಬ್ಯಾಟ್ರಿಯಾ?”

“ಬ್ಯಾರನ್ ಕಿಂಡೀಲಿ ಬುಟ್ಟು ನೋಡಪ್ಪ, ಆಮೇಲೆ ನಗೀವಂತೆ.”

ಹೊಗೆಸೊಪ್ಪನ್ನು ಕಾವಿನಲ್ಲಿ ಒಣಗಿಸಿ ಹದಮಾಡುವ ಮನೆ, ನಮ್ಮ ಬ್ಯಾರನ್ನಿನಲ್ಲಿ ಅಂದು ಸಂಜೆ ಕಾವು ಏರಿಸಬೇಕೆಂದಿತ್ತು. ಎಲೆ ಪೂರ್ತಿ ಹಳದಿಯಾಗುವ ಮೊದಲೇ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ಒಳಗಿರುವಷ್ಟೂ ಸೊಪ್ಪು ಕೆಟ್ಟಂತೆ. ಅಪ್ಪ ಗೋಡೆಯ ಗಾಜಿನ ಕಿಂಡಿಗೆ ತಮ್ಮ ಹಳೆಯ ಬಲ್ಬಿನ ಟಾರ್ಚ್ ಹಿಡಿದರು. ಎಲ್ಲವೂ ಹಳದಿಯಾಗಿ ಕಂಡಿತು. ಅವರು ಸೌದೆ ಎತ್ತಿಕೊಂಡರು. ನಾನು ನನ್ನ ಟಾರ್ಚನ್ನು ಅದೇ ಕಿಂಡಿಗೆ ಹಿಡಿದು ಗುಂಡಿ ಒತ್ತಿದೆ.

ಬೆಳಕು ಸೂರಿನವರೆಗೂ ಹೋಯಿತು. ಆ ಕತ್ತಲಲ್ಲಿ ಸಾಲಿನ ಮೇಲೆ ಸಾಲಾಗಿ ತೂಗುತ್ತಿದ್ದ ಎಲೆಗಳನ್ನೆಲ್ಲ ಒಟ್ಟಿಗೆ ನೋಡಿದ್ದು ಅದೇ ಮೊದಲು. ಹುಟ್ಟಿದಾಗಿನಿಂದ ಇದರ ಪಕ್ಕದಲ್ಲೇ ಓಡಾಡಿದ್ದೆ, ಒಳಗೆ ಇಷ್ಟು ಎತ್ತರವಿದೆಯೆಂದು ತಿಳಿದಿರಲಿಲ್ಲ. ಆಮೇಲಷ್ಟೇ ಕಂಡಿತು, ನರಗಳ ಗುಂಟ ಉಳಿದಿದ್ದ ತೆಳು ಹಸಿರು. ಹಳೆಯ ಟಾರ್ಚಿನ ಹಳದಿ ಬೆಳಕಿನಲ್ಲಿ ಅದು ಕಂಡಿರಲೇ ಇಲ್ಲ.

“ಸಿವಾ! ಇನ್ನೂ ಅಸ್ರು ಅದೆ ಕಣವ್ವ,” ಎಂದು ಅಪ್ಪ ಸೌದೆಯನ್ನು ಕೆಳಗಿಟ್ಟರು. “ಅಂಗೇ ಇರ್ಲಿ ಬುಡು, ಇವತ್ತು ಏರ್ಸೋದು ಬ್ಯಾಡ.”

ಮರುದಿನ ಬೆಳಿಗ್ಗೆ ನೋಡಿದಾಗ ನರಗಳೂ ಹಳದಿಯಾಗಿದ್ದವು. ಅಪ್ಪನನ್ನು ಕೂಗಿ ಕರೆದು, ಕಾವು ಏರಿಸಲು ಒಲೆಯ ಬಾಯಿಗೆ ಮೊದಲ ಸೌದೆಯನ್ನು ನಾನೇ ನೂಕಿದೆ.