ಕಮಲತ್ತೆಯ 1234567

ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ವಾಸನೆ ಎಲ್ಲಿಂದಾದರೂ ಬಂದರೆ ಇಂದಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಚಾಮರಾಜಪೇಟೆಯ ನಮ್ಮ ಮನೆ ಹೋಗಿ ಅಲ್ಲೀಗ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ನನಗೆ ಮಾತ್ರ ಕಾಣುವುದು ಜಗಲಿಯಲ್ಲಿ ಗೋಡೆಗೊರಗಿ ಕೂತ ಕಮಲತ್ತೆ. ಅಪ್ಪನ ಅಕ್ಕ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಬೋರ್ಡಿನ ಮೇಲೆ ತಾವೇ ಬರೆದದ್ದು ಕಾಣದಷ್ಟು ಕಣ್ಣು ಮಂಜಾದಾಗ ಕೆಲಸ ಬಿಟ್ಟು ನಮ್ಮ ಜೊತೆ ಇರಲು ಬಂದರು. ಅವರ ಬೆರಳು ಮಾತ್ರ ಸುಮ್ಮನಿರುತ್ತಿರಲಿಲ್ಲ, ಸೀರೆಯಂಚಿನ ಮೇಲೆ ಏನನ್ನೋ ಗೀಚುತ್ತಲೇ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು.

ಅವರ ತಲೆ ಹೊಕ್ಕಿದ್ದು 1234567. ಒಂದನೇ ಕ್ಲಾಸಿನ ಮಗುವೂ ಬರೆಯಬಲ್ಲ ಸಂಖ್ಯೆ. ಅದು ಸಮಸಂಖ್ಯೆಯಲ್ಲ, ಕೊನೆಯಲ್ಲಿ ಐದಿಲ್ಲ, ಅಂಕಿಗಳನ್ನು ಕೂಡಿದರೆ ಇಪ್ಪತ್ತೆಂಟು ಬರುವುದರಿಂದ ಮೂರರಿಂದಲೂ ಹೋಗದು. ಯಾವುದರಿಂದಲೂ ಒಡೆಯದ ಅವಿಭಾಜ್ಯ ಸಂಖ್ಯೆಯೇ ಇರಬೇಕೆಂದು ಅತ್ತೆಗೆ ಆಸೆ. 1111ನ್ನು 1111ರಿಂದಲೇ ಗುಣಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಹಾಗಾಗಿ 1111ರ ಒಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿದರೆ ಸಾಕು, ಆಚೆ ಹೋಗಬೇಕಿಲ್ಲ ಎಂದು ವಿವರಿಸಿದರು. ಕಣ್ಣಿನ ಕೆಲಸ ನನ್ನದಾಯಿತು. ಸ್ಕೂಲಿನಿಂದ ಬಂದ ಮೇಲೆ ದಿನಕ್ಕೆ ಮೂರೋ ನಾಲ್ಕೋ. ನಾನು ಸ್ಲೇಟಿನಲ್ಲಿ ಭಾಗಿಸಿ ಶೇಷ ಹೇಳುವುದು, ಅವರು ಮುಂದಿನ ಸಂಖ್ಯೆ ಹೇಳುವುದು. 127ರ ಸರದಿ ಬಂದ ದಿನ ಗೇಟಿನ ಹತ್ತಿರ ಗೆಳತಿಯರು ಕುಂಟಾಬಿಲ್ಲೆಗೆ ಕರೆಯುತ್ತಿದ್ದರು. ಅರ್ಧಕ್ಕೇ ಸ್ಲೇಟು ಒರೆಸಿ, ಶೇಷ ನಾಲ್ಕು ಎಂದುಬಿಟ್ಟೆ.

"ಸರಿಯಾಗಿ ನೋಡಿದ್ಯೇನೇ?"

"ಹೂಂ ಅತ್ತೆ."

ತಿಂಗಳುಗಳಾದ ಮೇಲೆ ಕೊನೆಯ ಅವಿಭಾಜ್ಯ 1109 ಕೂಡ ಮುಗಿಯಿತು, ಯಾವುದರಿಂದಲೂ ಒಡೆದಿರಲಿಲ್ಲ. ಅತ್ತೆ ಅಮ್ಮನಿಂದ ಸಜ್ಜಿಗೆ ಮಾಡಿಸಿ ಅಕ್ಕಪಕ್ಕದ ಮನೆಗಳಿಗೂ ಕೊಟ್ಟರು. ಯಾತಕ್ಕೆಂದು ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ.

ಪಿಯುಸಿಗೆ ಬಂದಾಗ ಕೈಗೆ ಕ್ಯಾಲ್ಕುಲೇಟರ್ ಸಿಕ್ಕಿತು. ಯಾಕೋ ಮೊದಲು ಒತ್ತಿದ್ದೇ ಆ ಲೆಕ್ಕ. 127ರಿಂದ ಭಾಗಿಸಿದರೆ ಸರಿಯಾಗಿ 9721, ಶೇಷವೇ ಇಲ್ಲ. ಒಂದು ವಾರ ಅನ್ನ ಸೇರಲಿಲ್ಲ, ಓದು ಹತ್ತಲಿಲ್ಲ. ಅಷ್ಟು ಹೊತ್ತಿಗೆ ಅತ್ತೆಗೆ ಕಣ್ಣು ಪೂರ್ತಿ ಹೋಗಿತ್ತು, ಮಾತಾಡಿದರೆ ಉಬ್ಬಸ ಬರುತ್ತಿತ್ತು. ಕೊನೆಗೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅವರ ಬೆರಳು ಸೀರೆಯ ಮೇಲೆ ನಿಧಾನವಾಗಿ ಗುಣಿಸಿತು, ನಿಂತಿತು. ಬೈಗುಳಕ್ಕೆ ಕಾದೆ.

"ಅವತ್ತು ಆಟದಲ್ಲಿ ಗೆದ್ಯಾ?" ಎಂದು ಕೇಳಿದರು.

ನೆನಪಿಲ್ಲ ಎಂದೆ. ಅತ್ತೆ ಅಂದರು: "ಆ ಒಂಬತ್ತು ಸಾವಿರದ ಏಳ್ನೂರ ಇಪ್ಪತ್ತೊಂದು ಇನ್ನೂ ಒಡೆಯುತ್ತಾ? ಬಾ, ನೋಡೋಣ."

ಈ ಸಲ 97ರವರೆಗೆ ಹೋದರೆ ಸಾಕಿತ್ತು. ಅವರ ಉಸಿರು ನೋಡಿಕೊಂಡು ದಿನಕ್ಕೊಂದೇ. 61 ಮುಗಿಸಿದ ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ವಾಪಸು ಬರಲಿಲ್ಲ. ಹದಿಮೂರನೇ ದಿನ ನೆಂಟರೆಲ್ಲ ಹೊರಟ ಮೇಲೆ ಜಗಲಿಯಲ್ಲಿ ಒಬ್ಬಳೇ ಕೂತು ಉಳಿದ ಏಳು ಅವಿಭಾಜ್ಯಗಳಿಂದಲೂ ಭಾಗಿಸಿದೆ, ಒಂದೊಂದರಿಂದಲೂ ಎರಡೆರಡು ಸಲ. ಒಡೆಯಲಿಲ್ಲ, 9721 ಅವಿಭಾಜ್ಯವೇ. ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ಕತ್ತಲಾಗುವವರೆಗೂ ಓಡಾಡಿದೆ.