ಆಕ್ಷೇಪಣೆ ಮೇಷ್ಟ್ರು

ನಗರಸಭೆಯಲ್ಲಿ ಎಲ್ಲರೂ ಪ್ರಾರ್ಥನೆಗೆ ಎದ್ದರೆ ಆಕ್ಷೇಪಣೆ ಮೇಷ್ಟ್ರು ಮಾತ್ರ ಕುರ್ಚಿಗೆ ಅಂಟಿಕೊಂಡು ಕೂರುವವರು, ಪ್ರಾರ್ಥನೆ ಮುಗಿದದ್ದೇ ತಡ, ಎದ್ದು ಒಮ್ಮೆ ಕೆಮ್ಮಿ, "ದೇವರು ಮನೇಲಿರ್ಲಿ, ಇದು ಎಲ್ಲರ ಕಚೇರಿ. ನನ್ನ ಆಕ್ಷೇಪಣೆ ಬರ್ಕೊಳ್ಳಿ" ಎನ್ನುವವರು. ಮಗಳ ಮದುವೆಯ ದಿನವೂ ಸಭೆಗೆ ಬಂದು ಕೆಮ್ಮಿ ಹೋದರೆಂದು ಹೆಂಡತಿಗೆ ಇವತ್ತಿಗೂ ಸಿಟ್ಟು. ಮೇಷ್ಟ್ರು ಇಪ್ಪತ್ತು ವರ್ಷ ಪಟ್ಟು ಬಿಡದೆ ಕೊನೆಗೂ ಪ್ರಾರ್ಥನೆ ನಿಲ್ಲಿಸಿದರು. ಆಮೇಲಿನ ಮೊದಲ ಸಭೆಗೆ ಮೇಷ್ಟ್ರು ಬಸ್ಸು ತಪ್ಪಿ ತಡವಾಗಿ ಬಂದರು. ಒಳಗೆ ಸದಸ್ಯರೆಲ್ಲ ಕಣ್ಣು ಮುಚ್ಚಿ ನಿಂತಿದ್ದರು. ಒಟ್ಟಿಗೆ ಒಮ್ಮೆ ಕೆಮ್ಮಿ, ಒಂದೇ ದನಿಯಲ್ಲಿ, "ದೇವರು ಮನೇಲಿರ್ಲಿ, ಇದು ಎಲ್ಲರ ಕಚೇರಿ" ಎಂದರು. ಮೇಷ್ಟ್ರು ಬಾಗಿಲಲ್ಲೇ ನಿಂತು, "ನಿಲ್ಸಿ! ಇದಕ್ಕೂ ನನ್ನ ಆಕ್ಷೇಪಣೆ ಇದೆ!" ಎಂದು ಕೂಗಿದರು. ಯಾರೂ ಕಣ್ಣು ತೆರೆಯಲಿಲ್ಲ. "ಇದಕ್ಕೂ ನನ್ನ ಆಕ್ಷೇಪಣೆ ಇದೆ," ಎಂದರು ಎಲ್ಲರೂ, ಮೆಲ್ಲಗೆ.